ಕಾಲರಾ ಬೇಸಿಗೆಯಲ್ಲಿ ನಾರುಹುಣ್ಣಿನ ಬೆನ್ನುಹತ್ತಿ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಒಂದು ಬೇಸಿಗೆ. ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ ಬಂದ ನಾನು ಕಲಬುರಗಿಯ ಆಸ್ಪತ್ರೆಯಲ್ಲಿದ್ದುಕೊಂಡು ನಾರುಹುಣ್ಣಿನ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಕಾಲಿನ ಚರ್ಮ ಸೀಳಿಕೊಂಡು ದಾರದಂಥ ಹುಳು ಹೊರಬರುವ ಈ ರೋಗ ಆಗ ಕಮಲಾಪುರದ ಕಡೆ ಬಹಳವಿತ್ತು. ಮೆಟ್ಟಿಲಿಳಿದು ನೀರಿಗೆ ಕಾಲಿಡುವ ಬಾವಿಯಿಂದಲೇ ಅದು ಹರಡುತ್ತದೆ, ಹಗ್ಗದಿಂದ ಸೇದುವ ಬಾವಿಯಿಂದಲ್ಲ ಎಂದು ಆ ಊರಿನಲ್ಲೇ ತೋರಿಸಿಕೊಡಬೇಕೆಂಬುದು ನನ್ನ ಹಟ. ಹುಣ್ಣಿನ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಬಿದ್ದು, ಆ ನೀರು ಕುಡಿದವರ ಮೈ ಸೇರುತ್ತವೆ. ಹುಳು ಕಾಣಿಸಿಕೊಳ್ಳುವುದು ಬೇಸಿಗೆಯಲ್ಲೇ. ಅದು ಕೈತಪ್ಪಿದರೆ ಇಡೀ ವರ್ಷ ಹೋದಂತೆ.

ಸರಿಯಾಗಿ ಆಗಲೇ ಕಾಲರಾ ಬಂತು.

"ನಾರುಹುಣ್ಣಿಂದು ಬಂದ್ ಮಾಡ್ರಿ," ಎಂದರು ನಮ್ಮ ದೊಡ್ಡ ಡಾಕ್ಟರು. "ಈಗ ಮಂದಿ ಉಳೀಬೇಕು. ಕಮಲಾಪುರಕ್ಕ ಹೋಗಿ ಕಾಲರಾ ಸೂಜಿ ಹಾಕ್ರಿ."

ಅವರ ಮಾತು ನಿಜವೇ. ಆದರೂ ಬಿಟ್ಟ ಕೆಲಸಕ್ಕೆ ಮರುಗುತ್ತಲೇ ಬಸ್ಸು ಹತ್ತಿದೆ.

ಕಮಲಾಪುರದ ಸಂತೆಯ ಬಯಲಲ್ಲಿ ಮೇಜು ಹಾಕಿ ಕೂತೆ. ಸೂಜಿ ಚುಚ್ಚಿದರೆ ಜ್ವರ ಬರುತ್ತದೆಂದು ಜನ ದೂರವೇ ನಿಂತರು. ಕೊನೆಗೆ ಕೂಲಿ ಮಾಡುವ ಹೆಂಗಸೊಬ್ಬಳು ಕುಂಟುತ್ತ ಬಂದಳು. ಪಾದದಲ್ಲಿ ಹುಳದ ಬಿಳಿ ತುದಿ ಇಣುಕುತ್ತಿತ್ತು.

"ಸೂಜಿ ಬ್ಯಾಡ್ರೀ ಬಾಯಾರ. ಇದಕ್ಕೇನರ ಮಾಡ್ರಿ, ನಿಂದ್ರಾಕ ಆಗವಲ್ದು."

ಹೆಣ್ಣು ಡಾಕ್ಟರಿಗೆ ಆ ಕಡೆ ಬಾಯಾರು ಎನ್ನುವುದು ರೂಢಿ. ನೆಲಕ್ಕೆ ಕೂತು ಅವಳ ಪಾದವನ್ನು ಮೊಣಕಾಲ ಮೇಲಿಟ್ಟುಕೊಂಡೆ. ತೊಳೆದು, ಹುಳವನ್ನು ಸಣ್ಣ ಕಡ್ಡಿಗೆ ಮೆಲ್ಲಗೆ ಸುತ್ತಿ, ಪಟ್ಟಿ ಕಟ್ಟುತ್ತ ಕೇಳಿದೆ: "ಯಾವ ಬಾವಿ ನೀರು ಕುಡೀತೀರಿ?"

"ಮೆಟ್ಟಿಲ ಬಾವಿದ್ರೀ. ಸೇದೋ ಬಾವಿಗಿ ನಮ್ಮ ಮಂದೀನ ಬಿಡಂಗಿಲ್ಲ."

ಪಟ್ಟಿ ಕಟ್ಟಿ ಮುಗಿಯುತ್ತಲೇ ಅವಳು ತಾನಾಗಿ ತೋಳು ಚಾಚಿದಳು. "ಅದನೂ ಹಾಕಿಬಿಡ್ರಿ." ಹಾಕಿಸಿಕೊಂಡು ಹಿಂದಕ್ಕೆ ತಿರುಗಿ ಕೂಗಿದಳು, "ಬಾಯಾರ ಕೈ ಹಗರ ಅದ, ಬರ್ರೇ!"

ಬಂದರು. ಮೊದಲು ಅವಳ ಓಣಿಯವರು, ಆಮೇಲೆ ಊರವರೆಲ್ಲ. ಕಾಲು ನೋಡುವುದು, ಬಾವಿ ಯಾವುದೆಂದು ಕೇಳುವುದು, ಆಮೇಲೆ ಸೂಜಿ. ಬಿಟ್ಟುಬಂದೆನೆಂದು ಮರುಗಿದ ಕೆಲಸ ಸಾಲುಗಟ್ಟಿ ನನ್ನ ಮುಂದೆ ನಿಂತಿತ್ತು!

ತಪಾಸಣೆಗೆ ಬಂದ ದೊಡ್ಡ ಡಾಕ್ಟರು ಸಾಲು ನೋಡಿ ಬೆರಗಾದರು. "ಬ್ಯಾರೆ ಊರಾಗ ಪೊಲೀಸರು ನಿಂತರೂ ತೋಳು ಕೊಡವಲ್ರು. ನೀವೇನು ಜಾದೂ ಮಾಡೀರಿ?"

"ಮೊದಲ ಕಾಲು ಕೇಳ್ತೀನ್ರೀ ಸಾಹೇಬ್ರ. ತೋಳು ಆಮ್ಯಾಲ."

ಅವರು ಜೋರಾಗಿ ನಕ್ಕರು. ಮರುದಿನವೇ ಇನ್ನಷ್ಟು ಪಟ್ಟಿ, ಒಬ್ಬ ಕಂಪೌಂಡರ್, ಜೊತೆಗೆ ಹುಕುಂ: ಸುತ್ತಲಿನ ಹಳ್ಳಿಗಳಲ್ಲೂ ಹೀಗೇ ಮಾಡಿ. ಒಂದೂರಿಗೆಂದು ಹೊರಟಿದ್ದ ನನ್ನ ಪ್ರಬಂಧ ಹಲವು ಊರುಗಳದಾಯಿತು.

ಮಳೆಗಾಲದ ಹೊತ್ತಿಗೆ ಕಾಲರಾ ಇಳಿಯಿತು. ಹುಣ್ಣಾದವರೆಲ್ಲ ಮೆಟ್ಟಿಲ ಬಾವಿಯವರೇ ಎಂದು ತೋರಿಸುವ ಪ್ರಬಂಧವನ್ನು ಹೈದರಾಬಾದಿನ ಹಿರಿಯ ವೈದ್ಯರೆದುರು ನಾನು ಓದಿದೆ. ದೊಡ್ಡ ಡಾಕ್ಟರು ಅದನ್ನು ಹಿಡಿದು ತಾವೇ ಕಚೇರಿಗಳಿಗೆ ಅಲೆದರು. ಕಮಲಾಪುರದ ಬಾವಿಯ ಮೆಟ್ಟಿಲನ್ನು ಕಲ್ಲಿನಿಂದ ಮುಚ್ಚಿದರು, ಮೇಲೆ ರಾಟೆ ಬಂತು. ಒಳಹೊಕ್ಕ ಹುಳು ಹೊರಬರಲು ವರ್ಷ ಹಿಡಿಯುತ್ತದಾದ್ದರಿಂದ ಒಂದು ಬೇಸಿಗೆ ಬಿಟ್ಟು ಮತ್ತೆ ಹೋದೆ. ಮೊದಲು ಕಾಲು ತೋರಿಸಿದ ಆ ಹೆಂಗಸಿನ ಓಣಿಯ ಮನೆಮನೆಯಲ್ಲೂ ಕೇಳಿದೆ. ಯಾರ ಕಾಲಲ್ಲೂ ಹೊಸ ಹುಣ್ಣಿರಲಿಲ್ಲ. ಕೊನೆಯ ಮನೆಯಲ್ಲಿ ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟೆ.

ಜೋಳ ಹಸನು ಮಾಡುತ್ತಿದ್ದ ಮುದುಕಿ ಮೊರ ಕೆಳಗಿಟ್ಟಳು. "ರೋಗ ಇಲ್ಲಂದ್ರ ಇಷ್ಟು ಕುಣಿಯೋ ಡಾಕ್ಟರನ್ನ ನಾ ಎಲ್ಲೂ ನೋಡಿಲ್ಲವ್ವಾ. ಬಾ, ರೊಟ್ಟಿ ತಿಂದ ಹೋಗು."