ಹಿಂದಿನ ಸೀಟಿನ ಒಡತಿ

ಮೇಲ್ಮಹಡಿಯ ಸಂಗೀತದ ಮೇಷ್ಟ್ರ ಸೈಕಲ್ ಕಳುವಾಗಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನದಿಂದಲೂ ಅವಳ ತಲೆಯನ್ನು ಒಂದೇ ಹುಳ ಕೊರೆಯುತ್ತಿತ್ತು: ನಮ್ಮದೂ ಹೋದರೆ ಅಕ್ಕನಿಗೆ ಏನು ಹೇಳಲಿ?

ಮೇಷ್ಟ್ರ ಬೀಗ ಗಟ್ಟಿಯದೇ. ಕಳ್ಳ ಅದರ ತಂಟೆಗೇ ಹೋಗಿರಲಿಲ್ಲ. ಬೀಗ ಹಾಕಿದ್ದ ಮೆಟ್ಟಿಲ ಕಂಬಿಯನ್ನೇ ಕೊಯ್ದು, ಬೀಗದ ಸಮೇತ ಸೈಕಲ್ಲನ್ನು ಹೊತ್ತುಕೊಂಡು ಹೋಗಿದ್ದ. "ಬುದ್ಧಿವಂತ ಕಣಮ್ಮ, ನನ್ನ ಶಿಷ್ಯರಲ್ಲಿ ಒಬ್ಬನಿಗೂ ಇಷ್ಟು ತಲೆ ಇಲ್ಲ," ಎಂದು ಮೇಷ್ಟ್ರು ನಕ್ಕಿದ್ದರು. ಹಳೇ ಸೈಕಲ್ಲು, ಅವರು ನಗಬಹುದು. ಅವಳು ಮಾತ್ರ ಕೊಯ್ದ ಕಂಬಿಯ ತುದಿ ಹೊಳೆಯುವುದನ್ನು ಕಂಡಾಗಲೆಲ್ಲ ವಾಪಸು ಹೋಗಿ ಮನೆಯ ಬೀಗ ಜಗ್ಗಿ ನೋಡಿ ಬರುತ್ತಿದ್ದಳು.

ಅವಳು ಹೆದರುಪುಕ್ಕಲಿ ಎಂಬುದು ಹೊಸ ಸುದ್ದಿಯಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವವಳು. ಮಗು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು. ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಅಕ್ಕ ಅವಳಿಗೆ 'ಗಾಬರಿ' ಎಂದು ಹೆಸರಿಟ್ಟಿದ್ದಳು, ಅದೇ ನಿಂತಿತು. ಹೊಟ್ಟೆಪಾಡಿಗೆ ಸಿಕ್ಕ ಕೆಲಸವೂ ಸ್ವಭಾವಕ್ಕೆ ಹೇಳಿ ಮಾಡಿಸಿದ್ದೇ: ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ತಪ್ಪು ಎಲ್ಲಿ ಅಡಗಿ ಕೂತಿದೆಯೋ ಎಂದು ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಹುಡುಕುವುದಕ್ಕೆ ಅವರು ಸಂಬಳವನ್ನೇ ಕೊಡುತ್ತಿದ್ದರು. ಮಗು ಹುಟ್ಟಿದ ಮೇಲೆ ಕರಡು ಮನೆಗೇ ಬರುತ್ತಿತ್ತು.

ಆ ಮನೆಯ ನಡುವಿನ ಓಣಿಯಂಥ ಜಾಗದಲ್ಲಿ, ಬಾಗಿಲಿನಿಂದ ಅಡುಗೆಮನೆಯವರೆಗೆ, ಗೋಡೆಗೊರಗಿ ನಿಂತಿತ್ತು ಅವರ ಸೈಕಲ್ಲು. ಎಂಟಡಿ ಉದ್ದ. ಎರಡು ಸೀಟು, ಎರಡು ಹ್ಯಾಂಡಲ್ಲು, ನಾಲ್ಕು ಪೆಡಲು. ಮುಂದಿನದು ಅವಳದು, ಹಿಂದಿನದು ಅಕ್ಕನದು. ಹಿಂದಿನ ಹ್ಯಾಂಡಲ್ಲು ತಿರುಗುವುದಿಲ್ಲ, ಅದಕ್ಕೆ ಬ್ರೇಕೂ ಇಲ್ಲ. ಹಿಂದೆ ಕೂತವರ ಕೆಲಸ ತುಳಿಯುವುದು ಮತ್ತು ನಂಬುವುದು. ಅಕ್ಕನಿಗೆ ಹದಿನಾಲ್ಕಕ್ಕೇ ಕಣ್ಣು ಮಂಜಾಗತೊಡಗಿ ಇಪ್ಪತ್ತರ ಹೊತ್ತಿಗೆ ಪೂರಾ ಹೋಗಿತ್ತು. ಎಂಟು ವರ್ಷದ ಹಿಂದೆ ಇಬ್ಬರೂ ಸಮಪಾಲು ಹಾಕಿ, ಸೈಕಲ್ ಚೌಕಟ್ಟು ಬೆಸೆಯುವ ಒಬ್ಬ ಮುದುಕನ ಹತ್ತಿರ ಹೋಗಿ ಮಾಡಿಸಿದ್ದು ಅದು. ದರ್ಜಿಯ ಹಾಗೆ ಟೇಪು ಹಿಡಿದು ಇಬ್ಬರ ಕಾಲಳತೆ ತೆಗೆದ ಮುದುಕ, "ಹಿಂದಿನೋರ ಕಾಲು ಉದ್ದ, ಮುಂದಿನೋರ ನಾಲಿಗೆ ಉದ್ದ," ಎಂದಿದ್ದ. ಅಂಥದು ಇನ್ನೊಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಾಲಿಗೆ ಉದ್ದವಿರಲೇಬೇಕಿತ್ತು. ದಾರಿಯನ್ನೆಲ್ಲ ಅವಳು ಕೂಗಿ ಹೇಳಬೇಕು. ಉಬ್ಬು! ಹಳ್ಳ! ಎಡಕ್ಕೆ! ಇಳಿಜಾರು! ಈಗಲೂ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವಾಗ ಬಾಯಿ ತನ್ನಷ್ಟಕ್ಕೆ "ಹಳ್ಳ!" ಎಂದುಬಿಡುತ್ತಿತ್ತು, ಎದುರಿಗೆ ಬಂದವರು ಕಾಲಡಿ ನೋಡಿಕೊಳ್ಳುತ್ತಿದ್ದರು.

ವಿಮೆಯ ಮಾತು ತೆಗೆದದ್ದು ಗಂಡ. "ಹೀಗೆ ದಿನಾ ಕಂಬಿ ನೋಡಿ ನೋಡಿ ನೀನು ಸೊರಗೋ ಬದಲು ಮನೆಗೆ ಒಂದು ವಿಮೆ ಮಾಡ್ಸೋಣ, ಸೈಕಲ್ಲೂ ಅದರಲ್ಲೇ ಸೇರ್ಲಿ," ಎಂದ. ಅಲ್ಲಿಂದ ಶುರುವಾಯಿತು. ಮೂರು ಕಂಪನಿಗಳ ಪಾಲಿಸಿಗಳನ್ನು ತರಿಸಿ, ಕೆಂಪು ಪೆನ್ನು ಹಿಡಿದು ಕೂತಳು. ಒಂದರಲ್ಲಿ ಅರ್ಧವಿರಾಮ ತಪ್ಪಿತ್ತು, ತಿದ್ದಿದಳು.

ಮೊದಲನೆಯದು ಅಗ್ಗ. ಆದರೆ ಮನೆಯೊಳಗಿನ ಯಾವುದೇ ಒಂದು ವಸ್ತುವಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಕೊನೇ ಪುಟದ ಸಣ್ಣಕ್ಷರದಲ್ಲಿತ್ತು. ಆ 'ಇಷ್ಟ'ರಲ್ಲಿ ಅವರ ಸೈಕಲ್ಲಿನ ಮುಂದಿನ ಅರ್ಧ ಬರಬಹುದಿತ್ತು. ಎರಡನೆಯದು ಪೂರ್ತಿ ಬೆಲೆ ಕೊಡುತ್ತದೆ, ರಸ್ತೆಯಲ್ಲಿ ಕಳುವಾದರೂ ಕೊಡುತ್ತದೆ, ಆದರೆ ವಸ್ತು ಆ ಮನೆಯಲ್ಲಿ ವಾಸವಿರುವವರದೇ ಆಗಿರಬೇಕು. ಮೂರನೆಯದರಲ್ಲಿ ಬೆಲೆಬಾಳುವ ಸೈಕಲ್ಲನ್ನು ಬೇರೆಯಾಗಿಯೇ ಹೆಸರಿಸಿ ಬರೆಯಬಹುದು. ಫೋಟೋ, ರಸೀದಿ, ಚೌಕಟ್ಟಿನ ಮೇಲೆ ಕೊರೆದ ನಂಬರು ಕೊಡಬೇಕು. ಬೇರೆ ಊರಲ್ಲಿರುವವರ ಪಾಲಿದ್ದರೆ ಅವರ ಹೆಸರನ್ನೂ ಸೇರಿಸಬಹುದು, ಅವರ ಒಪ್ಪಿಗೆ ಬೇಕು. ಪ್ರೀಮಿಯಂ ಸ್ವಲ್ಪ ಜಾಸ್ತಿ.

"ಎರಡನೇದೇ ಸಾಕಲ್ಲ," ಎಂದ ಗಂಡ. "ನಿನ್ನ ಹೆಸ್ರು ಬರಿ. ನಿಮ್ಮಕ್ಕ ಏನು ಕೋರ್ಟಿಗೆ ಹೋಗ್ತಾರಾ?"

"ಸುಳ್ಳು ಬರೆದ್ರೆ ಕ್ಲೇಮ್ ಕೊಡಲ್ಲ. ಹದಿನೇಳನೇ ಕಲಮು."

"ಸರಿ, ಹಾಗಾದ್ರೆ ಅಕ್ಕನ್ನ ಕೇಳು. ಒಂದು ಫೋನ್ ಕೆಲ್ಸ."

ಅವಳು ಪಾಲಿಸಿಯ ಹಾಳೆ ಮಗುಚಿದಳು, ಏನೋ ಓದುವವಳ ಹಾಗೆ. ಫೋನ್ ಕೆಲಸ ಒಂದೇ ಆಗಿದ್ದರೆ ಎಷ್ಟು ಸುಲಭವಿತ್ತು.

ಬುಧವಾರ ಮೂರನೇ ಕಂಪನಿಯ ಏಜೆಂಟಮ್ಮ ಬಂದರು. ಐವತ್ತರ ಆಸುಪಾಸು, ತುಂಬಿದ ಮೈ, ಹೆಗಲಿಗೆ ಹಾಕಿದ ಚೀಲದಲ್ಲಿ ಜಗತ್ತಿನ ಎಲ್ಲ ಫಾರಮ್ಮುಗಳು. ಬಾಗಿಲಲ್ಲೇ ನಿಂತು ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿ, "ಇದು ಸೈಕಲ್ಲೋ ರೈಲೋ?" ಎಂದರು. ಮಗು ಅವರ ಕನ್ನಡಕಕ್ಕೆ ಕೈ ಹಾಕಿತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಅವರು ಫಾರಂ ತುಂಬತೊಡಗಿದರು.

"ಹಿಂದೆ ಕೂರೋರು ಯಾರು, ಯಜಮಾನ್ರಾ?"

"ನಮ್ಮಕ್ಕ."

"ಕರೀರಿ, ಒಂದು ಸೈನ್ ಹಾಕ್ಲಿ."

"ಅವಳಿಲ್ಲಿಲ್ಲ. ಬೇರೆ ಊರಿನ ಆಸ್ಪತ್ರೇಲಿ ಫೋನ್ ಆಪರೇಟರು. ಹೋಗಿ ವರ್ಷ ಆಯ್ತು."

"ಓಹೋ. ಹಾಗಾದ್ರೆ ಇದು ನಿಂತುಬಿಟ್ಟಿದೆ ಅನ್ನಿ." ಏಜೆಂಟಮ್ಮನ ಪೆನ್ನು ಒಂದು ಚೌಕದ ಮೇಲೆ ಬಂದು ನಿಂತಿತು. "ಇಲ್ಲಿ 'ಬಳಕೆಯಲ್ಲಿಲ್ಲ' ಅಂತ ಒಂದು ಗುರುತು ಹಾಕ್ಬಿಟ್ರೆ ಪ್ರೀಮಿಯಂ ಮೂರರಲ್ಲಿ ಒಂದು ಪಾಲು ಇಳಿಯುತ್ತೆ. ಬೀದಿಗೆ ಇಳಿಯದ ಸೈಕಲ್ಲಿಗೆ ಬೀದಿ ವಿಮೆ ಯಾಕೆ? ಹಾಕ್ಲಾ?"

"ಬೇಡ," ಎಂದಳು. ಎಷ್ಟು ಜೋರಾಗಿ ಎಂದರೆ ಮಗು ತಿರುಗಿ ನೋಡಿತು. "ಅಂದ್ರೆ... ಕೇಳಿ ಹೇಳ್ತೀನಿ."

"ಕೇಳಿ, ಕೇಳಿ. ಶುಕ್ರವಾರ ಸಂಜೆಯೊಳಗೆ ಹೇಳಿ, ನಾನು ಫಾರಂ ಕಳಿಸ್ಬೇಕು. ಹಾಗೇ ಚೌಕಟ್ಟಿನ ನಂಬರೂ ಬರೆದಿಟ್ಟಿರಿ." ಹೋಗುವಾಗ ಮೆಟ್ಟಿಲ ಬಳಿ ಕೊಯ್ದ ಕಂಬಿಯನ್ನು ಕಂಡು, "ಇದಕ್ಕೂ ಮಾಡ್ಸಿ ವಿಮೆ," ಎಂದು ನಕ್ಕು ಹೋದರು.

ನಿಂತುಬಿಟ್ಟಿದೆ. ಆ ಮಾತು ಮನೆಯೊಳಗೇ ಉಳಿಯಿತು.

ಗುರುವಾರ ಮಧ್ಯಾಹ್ನ ಮಗು ಮಲಗಿದ ಮೇಲೆ ಅವಳು ಟಾರ್ಚು ಹಿಡಿದು ನೆಲದ ಮೇಲೆ ಅಂಗಾತ ಮಲಗಿ, ಸೈಕಲ್ಲಿನ ಕೆಳಗೆ ತಲೆ ತೂರಿಸಿದಳು. ನಂಬರು ಪೆಡಲಿನ ಬುಡದಲ್ಲಿ, ಅಡಿಭಾಗದಲ್ಲಿರುತ್ತದೆ. ಅದರ ಮೇಲೆ ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದಾಗ ಒಂದು ಹಕ್ಕಳೆ ಕಳಚಿ ಕೆನ್ನೆಯ ಮೇಲೆ ಬಿತ್ತು. ಕೆಂಪು ಮಣ್ಣು. ಊರ ಹೊರಗಿನ ಜಲಾಶಯದ ದಾರಿಯದು.

ಹಾಗೆಯೇ ಮಲಗಿದ್ದಳು.

ಆರು ವರ್ಷ, ವಾರಕ್ಕೆರಡು ಸಲವಾದರೂ ಆ ದಾರಿ. ಅವಳಿಗೆ ಕಣ್ಣು, ಅಕ್ಕನಿಗೆ ಮೂಗು. "ಮರದ ಮಿಲ್ಲು ಬಂತು, ಇನ್ನು ಬಲಕ್ಕೆ," ಎಂದು ಅಕ್ಕ ತಿರುವಿಗೆ ಮೊದಲೇ ಹೇಳುತ್ತಿದ್ದಳು. ಸೇತುವೆಯ ಮೇಲೆ ಚಕ್ರದ ಸದ್ದು ಬದಲಾದರೆ, "ನೀರು ಕಮ್ಮಿಯಾಗಿದೆ ಅಲ್ವೇನೇ?" ಬೆನ್ನ ಹಿಂದಿರುವವಳ ಮುಖ ಕಾಣುತ್ತಿರಲಿಲ್ಲ, ಆದರೆ ಅವಳಿಗೆ ದಣಿವಾದದ್ದು, ಸಿಟ್ಟು ಬಂದದ್ದು, ನಗು ತಡೆದುಕೊಂಡದ್ದು ಎಲ್ಲ ಪೆಡಲಿನ ಮೂಲಕ ಇವಳ ಅಂಗಾಲಿಗೆ ತಿಳಿಯುತ್ತಿತ್ತು. ಜಲಾಶಯದ ಇಳಿಜಾರಿನಲ್ಲಿ ಅಕ್ಕ ಕಿರುಚುತ್ತಿದ್ದಳು: "ಬ್ರೇಕ್ ಹಿಡೀಬೇಡ ಕಣೇ ಗಾಬ್ರಿ!" ಇವಳು ಹಿಡಿಯುತ್ತಿರಲಿಲ್ಲ. ಗ್ಯಾಸು, ಬೀಗ, ಜ್ವರ, ಯಾವುದರ ಯೋಚನೆಯೂ ಇರುತ್ತಿರಲಿಲ್ಲ. ಇಬ್ಬರ ಪಾಲಿನ ದಾರಿ ನೋಡುವವಳಿಗೆ ಹೆದರುವುದಕ್ಕೆ ಬಿಡುವೆಲ್ಲಿ?

ಬಸುರಿಯಾದಾಗ ನಿಲ್ಲಿಸಿದರು. "ಮಗು ಆಗ್ಲಿ, ಎಲ್ಲಿ ಓಡಿ ಹೋಗುತ್ತೆ ದಾರಿ," ಎಂದಿದ್ದಳು ಅಕ್ಕ. ಮಗುವಿಗೆ ನಾಲ್ಕು ತಿಂಗಳಾದಾಗ ಬಂದವಳು, ಓಣಿಯಲ್ಲಿ ನಿಂತು ತನ್ನ ಸೀಟನ್ನು ಕೈಯಿಂದ ಸವರಿ, "ಒಂದು ಸುತ್ತು?" ಎಂದು ಕೇಳಿದಳು.

"ಬೇಡ ಅಕ್ಕ. ಬಿದ್ರೆ?"

ಅಷ್ಟೇ. ಆರು ವರ್ಷದಲ್ಲಿ ಇವಳ ಬಾಯಿಂದ ಒಮ್ಮೆಯೂ ಬಂದಿರದ ಮಾತು. ಅಕ್ಕ ಸೀಟಿನಿಂದ ಕೈ ತೆಗೆದು, "ಹೌದಲ್ಲ, ಮಗು ಇದೆ," ಎಂದಳು. ಮತ್ತೆ ಕೇಳಲಿಲ್ಲ. ಎರಡು ತಿಂಗಳಿಗೆ ಬೇರೆ ಊರಿನ ಕೆಲಸಕ್ಕೆ ಹೋದಳು. ಪ್ರತಿ ಭಾನುವಾರ ಫೋನು. ಮಗುವಿನ ಹಲ್ಲು, ಮಗುವಿನ ನಡಿಗೆ, ಆಸ್ಪತ್ರೆಗೆ ಫೋನ್ ಮಾಡಿ ಪಿಜ್ಜಾ ಕೇಳುವವರ ಕತೆ. ಸೈಕಲ್ಲಿನ ಮಾತಿಲ್ಲ. ಇವಳಿಗೂ ಎತ್ತುವ ಧೈರ್ಯವಿಲ್ಲ.

ಕಳ್ಳನದು ಒಂದು ಭಯವಾದರೆ, ಅದರ ಕೆಳಗೆ ಮಣ್ಣಿನ ಹಾಗೆ ಮೆತ್ತಿಕೊಂಡಿದ್ದ ಭಯ ಇನ್ನೊಂದು. ಯಾರ ಹೆಸರು ಬರೆಯಲಿ ಎಂದು ಕೇಳಿದರೆ ಅಕ್ಕ, ತೀರಾ ಸಲೀಸಾಗಿ, "ಅಯ್ಯೋ ನಿನ್ನ ಹೆಸರೇ ಬರ್ಕೋ," ಎಂದುಬಿಟ್ಟರೆ? ಆಮೇಲೆ ಯಾವ ಕಂಪನಿ ಎಷ್ಟು ಕೊಟ್ಟರೂ ಹೋದದ್ದು ಬರುವುದಿಲ್ಲ. ಕೇಳದೆ ಇರುವಷ್ಟು ದಿನ ಹಿಂದಿನ ಸೀಟು ಅಕ್ಕನದೇ.

ಕೇಳದೆ ಇದ್ದರೆ ನಾಳೆ ಆ ಚೌಕದಲ್ಲಿ ಏಜೆಂಟಮ್ಮ ಗುರುತು ಹಾಕುತ್ತಾರೆ. ಅದೂ ಗೊತ್ತಿತ್ತು.

ಎದ್ದಳು. ಕೆನ್ನೆಯ ಮಣ್ಣನ್ನು ಒರೆಸಿಕೊಳ್ಳಲಿಲ್ಲ. ಭಾನುವಾರದವರೆಗೆ ಕಾಯುವಂತಿಲ್ಲ, ಕೆಲಸದ ವೇಳೆಯಲ್ಲಿ ಅಕ್ಕನ ಮೊಬೈಲು ಆಫ್. ಆಸ್ಪತ್ರೆಯ ನಂಬರಿಗೇ ಮಾಡಿದಳು. ಎರಡನೇ ರಿಂಗಿಗೆ ಆ ಕಡೆಯಿಂದ ಇಸ್ತ್ರಿ ಹಾಕಿದಂಥ ದನಿ.

"ನಮಸ್ಕಾರ, ಆಸ್ಪತ್ರೆ. ಯಾರು ಬೇಕಿತ್ತು?"

"ಹಿಂದೆ ಕೂರೋರು ಬೇಕಿತ್ತು," ಎಂದಳು.

ಥಟ್ಟನೆ ಇಸ್ತ್ರಿ ಬಿಟ್ಟುಹೋದ ದನಿ: "ಏನಾಯ್ತೇ? ಮಗು ಹೇಗಿದೆ?"

"ಮಗು ಚೆನ್ನಾಗಿದೆ, ಮಲಗಿದೆ. ಸೈಕಲ್ ವಿಷ್ಯ. ವಿಮೆ ಮಾಡಿಸ್ತಿದೀವಿ. ಅದರಲ್ಲಿ ಯಾರದು ಅಂತ ಬರೀಬೇಕಂತೆ. ಆಮೇಲೆ ಇನ್ನೊಂದು ಚೌಕ ಇದೆ ಅಕ್ಕ, ಬಳಕೆಯಲ್ಲಿದೆಯಾ ಇಲ್ವಾ ಅಂತ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಅಲ್ಲಿ ಏನು ಬರೀಲಿ?"

ಆ ಕಡೆ ಬೇರೆ ಫೋನೊಂದು ಹೊಡೆದುಕೊಳ್ಳತೊಡಗಿತು. "ಒಂದ್ನಿಮಿಷ, ಇಡಬೇಡ," ಎಂದಳು ಅಕ್ಕ. ಲೈನು ಸುಮ್ಮನಾಯಿತು. ಅವಳು ಓಣಿಯಲ್ಲಿ ನಿಂತೇ ಇದ್ದಳು. ಗೋಡೆ ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿ ಇನ್ನೊಂದು ಹಿಡಿಯಿತು. ಇಟ್ಟುಬಿಡಲೇ ಎಂದು ಮೂರು ಸಲ ಅನ್ನಿಸಿತು, ಇಡಲಿಲ್ಲ.

"ಇದೀಯಾ?"

"ಇದೀನಿ."

"ನನ್ನ ಸೀಟಿನ ಮೇಲೆ ಏನು ಒಣಹಾಕಿದೀಯ?"

"ಏನಿಲ್ಲ."

"ಸುಳ್ಳು ಹೇಳಿದ್ರೆ ವಿಮೆಯೋರು ಕೊಡಲ್ವಂತೆ ಕಣೇ."

ಅವಳು ತಿರುಗಿ ನೋಡಿದಳು. "ಎರಡು ಕಾಲ್ಚೀಲ," ಎಂದಳು. "ಮಗೂದು."

ಅಕ್ಕ ನಗಲಿಲ್ಲ. ಬಹಳ ಮೆತ್ತಗೆ ಕೇಳಿದಳು: "ಇನ್ನೂ ಹೆದರಿಕೆಯಾ?"

"ಆಗುತ್ತೆ. ಹಿಂದೆ ನೀನಿಲ್ದೆ ಎಲ್ಲಕ್ಕೂ ಆಗುತ್ತೆ."

ಆ ಕಡೆ ಮತ್ತೆ ಫೋನು ಹೊಡೆದುಕೊಳ್ಳುತ್ತಿತ್ತು. ಈ ಸಲ ಅಕ್ಕ ಅದನ್ನು ಎತ್ತಲಿಲ್ಲ.

"ಭಾನುವಾರ ಮೊದಲನೇ ರೈಲಿಗೆ ಬರ್ತೀನಿ. ಮಗೂನ ಅವರಪ್ಪ ನೋಡ್ಕೊಳ್ಲಿ. ಚಕ್ರಕ್ಕೆ ಗಾಳಿ ಹೊಡ್ಸಿರು," ಎಂದಳು. "ಹೆಸರು ಇಬ್ಬರದೂ ಬರಿ. ಮೊದ್ಲು ಆ ಕಾಲ್ಚೀಲ ತೆಗಿ."

ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಎರಡೂ ಕೈಯಿಂದ ಕಾಲ್ಚೀಲ ತೆಗೆದಳು.