ಒಂದು ವಾರ ಮನೆಯಲ್ಲಿದ್ದ ತಾಂಬೂಲದ ಚೀಲ

"ಕವರ್ ಕೇಳ್ಬ್ಯಾಡಿ ಕಣಣ್ಣ, ಕೊಟ್ರೆ ಪುರಸಭೆಯೋರು ದಂಡ ಆಕ್ತಾರೆ," ಎಂದಳು ತರಕಾರಿಯವಳು. ಪಿರಿಯಾಪಟ್ಟಣದ ಸಂತೆಯಲ್ಲಿ ಅರ್ಧ ಕೆಜಿ ಅವರೆಕಾಯಿ, ನಾಲ್ಕು ಬದನೆಕಾಯಿಗಳನ್ನು ಎದೆಗವಚಿಕೊಂಡು ನಾನು ಪೆಚ್ಚಾಗಿ ನಿಂತಿದ್ದೆ. ಮನೆಯಿಂದ ಚೀಲ ತರುವುದು ಮರೆತುಹೋಗಿತ್ತು.

ಪಕ್ಕದಲ್ಲಿ ಈರುಳ್ಳಿ ಆರಿಸುತ್ತಿದ್ದ ಹೆಂಗಸೊಬ್ಬರು ಮಡಚಿದ ಬಟ್ಟೆಚೀಲವೊಂದನ್ನು ನನ್ನತ್ತ ಚಾಚಿದರು. "ಯಾರ್ದೋ ಮದ್ವೇಲಿ ತಾಂಬೂಲ ಕೊಟ್ಟಿದ್ದು. ಗಟ್ಟಿ ಚೀಲ ಕಣ್ರೀ, ಬರೋ ವಾರ ತಂದ್ಕೊಡಿ."

ಬಿಡಿಸಿ ನೋಡಿದೆ. ಮಾಸಿದ ಕೆಂಪು ಅಕ್ಷರಗಳಲ್ಲಿ 'ರೇವತಿ – ಪ್ರಕಾಶ' ಎಂದಿತ್ತು. ಕೆಳಗೆ ನಮ್ಮ ಮದುವೆಯಾದ ಛತ್ರದ ಹೆಸರು. ರೇವತಿ ತೀರಿಕೊಂಡು ಮೂರು ವರ್ಷವಾಗಿದೆ. ಮದುವೆಯಂದು ತೆಂಗಿನಕಾಯಿ ಹಾಕಿ ಚೀಲಗಳನ್ನೆಲ್ಲ ಹಂಚಿಬಿಟ್ಟಿದ್ದೆವು, ಮನೆಗೆಂದು ಒಂದೂ ಉಳಿದಿರಲಿಲ್ಲ. ತಂದುಕೊಡುತ್ತೇನೆ ಎಂದಷ್ಟೇ ಹೇಳಿದೆ.

ಆ ವಾರವೆಲ್ಲ ಚೀಲ ಅಡುಗೆಮನೆಯ ಮೊಳೆಯಲ್ಲಿತ್ತು. ಬೀಗ ತೆಗೆದು ಒಳಗೆ ಬಂದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ನಮ್ಮಿಬ್ಬರ ಹೆಸರು. ಮುಂದಿನ ಸಂತೆಗೆ ಅದನ್ನು ಒಗೆದು, ಇಸ್ತ್ರಿ ಮಾಡಿ ಒಯ್ದು ಕೊಟ್ಟೆ. ಆಕೆ ಇಸ್ತ್ರಿಯನ್ನೂ ಗಮನಿಸದೆ ಅದರೊಳಗೆ ಆಲೂಗಡ್ಡೆ ಸುರಿದುಕೊಂಡು ಬಸ್ಸಿನತ್ತ ನಡೆದರು.

ಈಗಲೂ ನಾನು ಸಂತೆಗೆ ಬರಿಗೈಯಲ್ಲೇ ಹೋಗುತ್ತೇನೆ. ತರಕಾರಿಯವಳು ಪ್ರತಿ ಸಲವೂ ಬೈಯುತ್ತಾಳೆ. ಪಾಪ, ನನಗೆ ಮರೆವು ಎಂದುಕೊಂಡಿದ್ದಾಳೆ.