ಎಡಗೈಯಲ್ಲಿದ್ದ ಇಸ್ಪೀಟು

ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಮಾಸ್ತರರನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಐತವಾರ ಬೆಳಿಗ್ಗೆ ಚಹಾ ಕುಡಿದವರೇ ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯ ಅಟ್ಟದ ಮೇಲೆ ರಮ್ಮಿಗೆ ಕೂರುತ್ತಿದ್ದರು. ಯಾರಾದರೂ ಕೆಣಕಿದರೆ ಹೆಗಲ ಮೇಲಿನ ವಸ್ತ್ರ ಕೊಡವಿ, "ಇದು ಶೌಕ್ ಅದರಿ, ಚಟ ಅಲ್ಲ. ಹನ್ನೆರಡಕ್ಕ ಲಿಂಗಪೂಜಿಗೆ ಎದ್ದು ಬರ್ತೇನಿ. ಚಟದಾವ ಹಿಂಗ ಏಳ್ತಾನೇನ್ರಿ?" ಎನ್ನುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು. ಎದ್ದು ಬರುತ್ತಿದ್ದದ್ದು ನಿಜವೇ ಆಗಿತ್ತು.

ಅವರ ಪೂಜೆ ಆಗದೆ ಅವರ ಹೆಂಡತಿ ಉಣ್ಣುತ್ತಿರಲಿಲ್ಲ. ಒಂದು ಐತವಾರ ಮೂರು ಹೊಡೆದರೂ ಮಾಸ್ತರರ ಸುಳಿವಿಲ್ಲ. ಏಳು ತಿಂಗಳ ಬಸುರಿ ಗೋಡೆಗೊರಗಿ ಕೂತಿದ್ದಳು. ನೋಡಲಾರದೆ ನಾನೇ ಸೆರಗು ಸಿಕ್ಕಿಸಿಕೊಂಡು ಹೋಗಿ ಆ ಅಟ್ಟ ಹತ್ತಿದೆ.

"ಅಕ್ಕ ಇನ್ನಾ ಉಂಡಿಲ್ರಿ ಸರ," ಎಂದೆ.

ಮಾಸ್ತರರು ತಲೆ ಎತ್ತಲಿಲ್ಲ. ಕೊರಳಲ್ಲಿದ್ದ ಲಿಂಗವನ್ನು ಬಲಗೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು, "ಪೂಜಿ ಆತು. ಉಣ್ಣಂತ ಹೇಳು ಹೋಗವ್ವಾ," ಎಂದರು. ಲಿಂಗವನ್ನಿಟ್ಟು ಪೂಜಿಸಬೇಕಾದ ಎಡಗೈ ತುಂಬ ಇಸ್ಪೀಟಿನ ಎಲೆಗಳಿದ್ದವು.

ಸಿಟ್ಟಿನಲ್ಲೇ ಅಟ್ಟ ಇಳಿದು ಬಂದು ಕಂಡದ್ದನ್ನು ಕಂಡಂತೆ ಆಕೆಗೆ ಹೇಳಿದೆ. ಆಕೆ ಅಳಲಿಲ್ಲ. ಗಂಡನಿಗಾಗಿ ಸಜ್ಜು ಮಾಡಿಟ್ಟಿದ್ದ ವಿಭೂತಿ, ಹೂವಿನ ತಟ್ಟೆಯನ್ನು ಗೋಡೆಯ ಗೂಡಿನಲ್ಲಿಟ್ಟು, ಊಟದ ಗಂಗಾಳ ಎಳೆದುಕೊಂಡು ಕೂತಳು.

"ಇಷ್ಟು ದಿನ ಪೂಜಿ ಸಲುವಾಗಿ ಉಪವಾಸ ಇದ್ದೆ, ತಂಗಿ. ಇಸ್ಪೀಟ್ ಸಲುವಾಗಿ ಇರಂಗಿಲ್ಲ," ಎಂದು ರೊಟ್ಟಿ ಮುರಿದಳು.